ಕೊಂಬೆ ನೆಡದ ಗುರುವಾರ

ಹೆಪ್ಪುಗಟ್ಟಿದ ನದಿಯ ಮೇಲೆ ಕೊಂಬೆ ನೆಡುವುದು ನಮ್ಮೂರಿನಲ್ಲಿ ಹೆಂಗಸರ ಕೆಲಸ. ಹಾಗೆಂದು ಯಾರೂ ಗೊತ್ತು ಮಾಡಿದ್ದಲ್ಲ. ಗಂಡಸರು ಚಳಿಗಾಲವೆಲ್ಲ ಬೋನು ನೋಡಿಕೊಂಡು ಕಾಡಿನಲ್ಲಿ ತಿರುಗುತ್ತಾರೆ, ಊರಲ್ಲಿ ಉಳಿಯುವವರು ನಾವು, ಹಾಗಾಗಿ ಉಳಿದೆಲ್ಲ ಕೆಲಸಗಳಂತೆ ಇದೂ ನಮ್ಮ ತಲೆಗೆ ಬಂತು. ಬುಧವಾರ ಮಧ್ಯಾಹ್ನ ದಂಡೆಯ ಕಡುಹಸಿರು ಸ್ಪ್ರೂಸ್ ಮರಗಳಿಂದ ಮೊಳದುದ್ದದ ಕೊಂಬೆ ಕಡಿದು, ನಾಯಿಬಂಡಿಗೆ ಹೇರಿ, ವಿಮಾನ ಇಳಿಯುವ ಜಾಗದ ಎರಡೂ ಬದಿಗೆ ಸಾಲಾಗಿ ಹಿಮದಲ್ಲಿ ಚುಚ್ಚಿ ಬರಬೇಕು. ಮೋಡ ಕವಿದ ದಿನ ಆಕಾಶವೂ ಬಿಳಿ, ನದಿಯೂ ಬಿಳಿ. ಕೊಂಬೆ ಇಲ್ಲದಿದ್ದರೆ ನೆಲ ಹತ್ತಾಳು ಕೆಳಗಿದೆಯೋ ಒಂದು ಗೇಣು ಕೆಳಗಿದೆಯೋ ಎಂಥ ಒಳ್ಳೆಯ ಕಣ್ಣಿಗೂ ತಿಳಿಯುವುದಿಲ್ಲ. ಬಿಸಿಲಿದ್ದರೆ ಕೊಂಬೆ ಬೇಡ. ಹಿಮದ ಮೇಲೆ ಬೀಳುವ ನೆರಳೇ ಎಲ್ಲ ಹೇಳುತ್ತದೆ.

ಹಾಗಿದ್ದೂ ಆ ವರ್ಷ ನಾವು ಬಿಸಿಲಿನ ವಾರಗಳಲ್ಲೂ ಕೊಂಬೆ ನೆಡುತ್ತಿದ್ದೆವು. ಮೊದಲಿಗಿಂತ ಹತ್ತಿರ ಹತ್ತಿರ, ಮೊದಲಿಗಿಂತ ಎತ್ತರದವನ್ನು. ಯಾಕೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ವಿಮಾನ ಆಸ್ಮುಂಡ್ ಬ್ರೆಕ್ಕೆಯದು. ನಾರ್ವೆಯಿಂದ ಮೀನಿನ ದೋಣಿಗಳ ಇಂಜಿನ್ ರಿಪೇರಿಗೆಂದು ಅಲಾಸ್ಕಾಕ್ಕೆ ಬಂದವನು, ಯಾರೋ ಬೀಳಿಸಿ ಬಿಟ್ಟುಹೋಗಿದ್ದ ವಿಮಾನವೊಂದನ್ನು ಕೊಂಡು, ಮುರಿದ ರೆಕ್ಕೆಗೆ ಬರ್ಚ್ ಮರದ ಪಟ್ಟಿ ಕಟ್ಟಿ, ಬಟ್ಟೆ ಹೊಲಿದು, ಹಾರುವುದನ್ನು ತನಗೆ ತಾನೇ ಕಲಿತ. ಈ ನದಿಯ ಮೇಲೆ ಚಳಿಗಾಲದಲ್ಲಿ ಮೊದಲು ಹಾರಿದವನು ಅವನು. ಆಗ ನಕ್ಷೆ ಇರಲಿಲ್ಲ, ನದಿಯ ತಿರುವುಗಳೇ ನಕ್ಷೆ. ನಮ್ಮೂರಿಗೆ ಮೊದಲ ಸಲ ಬಂದಾಗ ನಾನಿನ್ನೂ ಅಮ್ಮನ ಬೆನ್ನ ಮೇಲಿದ್ದೆ. ಸದ್ದು ಕೇಳಿ ಅಮ್ಮ ಕಾಡಿಗೆ ಓಡಿದಳಂತೆ. ಓಡುವ ಭರದಲ್ಲೂ ಒಲೆಯ ಮೇಲಿದ್ದ ಸಾರಿನ ಪಾತ್ರೆ ಬಿಡಲಿಲ್ಲವಂತೆ. ಅವತ್ತು ಕೊಂಬೆ ನೆಡುವುದು ಯಾರಿಗೆ ಗೊತ್ತಿತ್ತು? ನೆಲ ಕಾಣದೆ ಅವನು ಸುತ್ತು ಹಾಕಿ ಹಾಕಿ, ಕೊನೆಗೆ ತಾನು ಮಲಗುವ ತುಪ್ಪಳದ ಚೀಲವನ್ನೇ ಕೆಳಗೆ ಎಸೆದ. ಬಿಳಿಯ ಮೇಲೆ ಬಿದ್ದ ಆ ಕಪ್ಪನ್ನು ಗುರುತಿಟ್ಟುಕೊಂಡು ಅದರ ಪಕ್ಕದಲ್ಲೇ ಇಳಿದ. ‘ಹಾಸಿಗೆ ಮೊದಲು ಕಳಿಸಿ ಆಮೇಲೆ ತಾನು ಬಂದ ನೆಂಟ’ ಎಂದು ನನ್ನ ಮಾವ, ಊರಿಗೆಲ್ಲ ಪಿಟ್ಕಾ ಅಜ್ಜ, ಇವತ್ತಿಗೂ ಹೇಳಿ ನಗುತ್ತಾನೆ.

ಅಲ್ಲಿಂದ ಮುಂದೆ ನಮ್ಮ ಊರಿಗೆ ಬಂದದ್ದೆಲ್ಲ ಅವನ ಬೆನ್ನ ಹಿಂದೆ ಕೂತೇ ಬಂತು. ಕಿಟಕಿಯ ಗಾಜು, ಹೊಲಿಗೆ ಯಂತ್ರ, ಹಲ್ಲು ಕೀಳುವ ಡಾಕ್ಟರು, ನಾಯಿಮರಿಗಳ ಗುಂಪು, ಹಲ್ಲುನೋವಿನಿಂದ ಬೈಯುತ್ತಲೇ ಇಳಿದ ಪಾದ್ರಿ. ಹೋದದ್ದೂ ಹಾಗೆಯೇ. ನನ್ನಪ್ಪ ದೂರದ ಗಣಿಯಲ್ಲಿ ಸತ್ತಾಗ ಅವನನ್ನು ಊರಿಗೆ ತಂದವನು ಆಸ್ಮುಂಡ್. ಹೆಣ ಕೂತ ಹಾಗೆಯೇ ಹೆಪ್ಪುಗಟ್ಟಿತ್ತು, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದ. ‘ದಾರಿಯುದ್ದಕ್ಕೂ ಮಾತಾಡಿಸ್ಕೊಂಡೇ ಬಂದೆ’ ಎಂದು ಅಮ್ಮನಿಗೆ ಹೇಳಿದನಂತೆ. ಅಮ್ಮ ಅದನ್ನು ಸಾಯುವವರೆಗೂ ನೆನೆಸುತ್ತಿದ್ದಳು.

ಊರಿನವರು ಅವನಿಗೆ ಇಟ್ಟ ಹೆಸರು ಎಣ್ಣೆಡಬ್ಬಿ. ಇಳಿದ ಕೂಡಲೆ ಅವನು ಮಾಡುವ ಮೊದಲ ಕೆಲಸ ಇಂಜಿನ್ನಿನ ಎಣ್ಣೆಯನ್ನೆಲ್ಲ ಡಬ್ಬಿಗೆ ಬಸಿದು ಮನೆಯೊಳಗೆ ತರುವುದು. ಹೊರಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಕಲ್ಲು. ಬೆಳಿಗ್ಗೆ ಡಬ್ಬಿಯನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿ, ಇಂಜಿನ್ನಿಗೆ ಕ್ಯಾನ್ವಾಸ್ ಹೊದಿಸಿ ಅದರ ಕೆಳಗೆ ಬೆಂಕಿಯ ಕುಲುಮೆ ಹಚ್ಚಿ, ಆಮೇಲೆ ಹಾರಬೇಕು. ಗುರುವಾರ ಗುರುವಾರ ಅವನು ತರುವ ಊರಿನ ಅಂಚೆ ನನ್ನ ಮನೆಗೆ ಬರುತ್ತಿದ್ದುದರಿಂದ ಅವನೂ ನನ್ನ ಮನೆಗೆ, ಡಬ್ಬಿಯೂ ನನ್ನ ಒಲೆಯ ಹಿಂದಕ್ಕೆ. ಗುರುವಾರ ಸುಟ್ಟ ರೊಟ್ಟಿಯೆಲ್ಲ ಇಂಜಿನ್ ವಾಸನೆ.

ಆ ಚಳಿಗಾಲ ನನ್ನ ಕಿವಿ ಆ ವಿಮಾನದ ಸದ್ದಿಗೇ ಅಂಟಿಕೊಂಡಿತ್ತು. ನನ್ನ ಹಿರಿಯ ಮಗಳು ಫೆಲಿಸಾ ಶ್ವಾಸಕೋಶದ ಕಾಯಿಲೆಗೆಂದು ಸಮುದ್ರದ ಕಡೆಯ ಆಸ್ಪತ್ರೆಗೆ ಹೋಗಿ ಎರಡನೇ ವರ್ಷ. ಕರೆದುಕೊಂಡು ಹೋದವನೂ ಆಸ್ಮುಂಡೇ. ಎದೆ ಗುಣವಾಗಿದೆ, ಮಗುವನ್ನು ಮನೆಗೆ ಕಳಿಸಬಹುದು ಎಂದು ರೇಡಿಯೋದಲ್ಲಿ ಸುದ್ದಿ ಬಂತು. ಗಂಡ ಸಿಲಾಸ್ ಬೋನಿನ ದಾರಿಯಲ್ಲಿದ್ದ. ಮನೆಯಲ್ಲಿ ಎರಡು ಸಣ್ಣವು, ಒಂದು ಇನ್ನೂ ಬೆನ್ನ ಮೇಲೆ. ನೀರಿಗೆ ಮಂಜುಗಡ್ಡೆ ಒಡೆಯಬೇಕು, ಸೌದೆ ಸೀಳಬೇಕು, ನಾಯಿಗಳಿಗೆ ಮೀನು ಬೇಯಿಸಬೇಕು. ಆದರೂ ಸುದ್ದಿ ಬಂದ ದಿನ ಕೈ ಹಗುರವಾದ ಹಾಗೆ ಅನಿಸಿತ್ತು.

ಆ ವಾರದ ಗುರುವಾರ ಆಸ್ಮುಂಡ್ ಬಂದ. ಒಳ್ಳೆಯ ಬಿಸಿಲು. ನಮ್ಮ ದಟ್ಟ ಕೊಂಬೆಸಾಲಿನ ನಡುವೆ ಇಳಿದರೂ, ನೆಲ ತಾಗುವ ಮೊದಲೇ ತಾಗಿತೆಂದುಕೊಂಡು ಇಂಜಿನ್ ಸದ್ದು ಇಳಿಸಿದ. ಚಕ್ರದ ಬದಲಿಗಿದ್ದ ಸ್ಕೀ ಹಲಗೆಗಳು ದಢಾರೆಂದು ಹಿಮಕ್ಕೆ ಬಡಿದವು. ದಂಡೆಯಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಏನ್ ಟಿಲ್ಡಾ, ಟೀ ಇದ್ಯಾ, ಇಲ್ಲಾ ನಿನ್ನ ಮಾವ ಎಲ್ಲಾ ಕುಡಿದಿದ್ದಾನಾ?” ಎನ್ನುತ್ತಲೇ ಒಳಗೆ ಬಂದ.

“ನಿನ್ನ ಎಣ್ಣೆ ಇದೆಯಲ್ಲ, ಅದನ್ನೇ ಕುಡಿ. ನನಗಂತೂ ಎರಡರ ರುಚೀನೂ ಒಂದೇ ಥರ ಕಾಣುತ್ತೆ ಈಗೀಗ,” ಎಂದ ಅಜ್ಜ.

“ಅದಕ್ಕೇ ಅಜ್ಜ ನೀನಿನ್ನೂ ತುಕ್ಕು ಹಿಡಿದಿಲ್ಲ.”

ಕೆಟಲ್ ಅವನ ಮುಂದಿಟ್ಟೆ. ಒಣಗಿದ ಸಾಲ್ಮನ್ ಮೀನಿನ ಚೂರು ಬಾಯಿಗಿಟ್ಟುಕೊಂಡು, ನಗುನಗುತ್ತಾ ಟೀ ಬಗ್ಗಿಸಿದ. ಟೀ ಬಟ್ಟಲಿನ ಪಕ್ಕಕ್ಕೆ ಬಿತ್ತು. ಮೇಜಿನ ಮೇಲೆ ಹರಿದು ಅವನ ತೊಡೆಗೆ ಸೋರುವವರೆಗೂ ಅವನಿಗೆ ತಿಳಿಯಲಿಲ್ಲ.

“ನಿನ್ನ ಮೇಜು ಓರೆ ಕಣಮ್ಮ,” ಎಂದ.

ಅಜ್ಜ ತನ್ನ ತೋಳಿನಿಂದ ಮೇಜು ಒರೆಸಿದ. “ಹೌದು, ಓರೆ. ಸಿಲಾಸ್ ಬಂದ್ಮೇಲೆ ಸರಿ ಮಾಡ್ತಾನೆ,” ಎಂದ. ಆ ಮೇಜನ್ನು ಮಾಡಿದವನು ಅಜ್ಜನೇ. ನದಿಯ ಉದ್ದಕ್ಕೂ ಹುಡುಕಿದರೂ ಅಷ್ಟು ಸಮನಾದ ಮೇಜು ಸಿಗದು.

ನಮ್ಮಲ್ಲಿ ಕೆಟ್ಟದ್ದನ್ನು ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ಕೇಳಿಸಿಕೊಳ್ಳುವವು ಇರುತ್ತವೆ, ಕೇಳಿಸಿಕೊಂಡರೆ ಬರುತ್ತವೆ. ಕರಡಿಯ ಹೆಸರನ್ನೇ ಹೇಳದವರು ಒಬ್ಬ ಮನುಷ್ಯನ ಕಣ್ಣು ಹೋಗುತ್ತಿದೆ ಎಂದು ಹೇಳುತ್ತೇವೆಯೇ? ಹೇಳುವ ಬದಲು ಕೊಂಬೆ ನೆಟ್ಟೆವು. ಹಿಂದಿನ ವಾರ ಕೆಳಗಿನೂರಿಂದ ನನ್ನ ತಂಗಿ ನಾಯಿಬಂಡಿಯಲ್ಲಿ ಬಂದವಳು ಮಾತಿನ ನಡುವೆ, “ದಂಡೆಯ ಮರಗಳೆಲ್ಲ ಬೋಳಾದ್ವು ಅಕ್ಕ, ಈಗ ಗುಡ್ಡಕ್ಕೆ ಹೋಗಿ ಕಡೀಬೇಕು,” ಎಂದಿದ್ದಳು. ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೆ ಆಗಲೇ ನನಗೆ ಗೊತ್ತಾದದ್ದು: ನದಿಯ ಎಲ್ಲ ಊರೂ ಇದನ್ನೇ ಮಾಡುತ್ತಿದೆ. ಒಬ್ಬರಿಗೊಬ್ಬರು ಹೇಳದೆ.

ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಆಸ್ಮುಂಡ್ ನಿಂತರೆ ಅಂಚೆಯ ಕೆಲಸ ಪಟ್ಟಣದ ದೊಡ್ಡ ಕಂಪನಿಗೆ ಹೋಗುತ್ತದೆ. ಅವರು ನಮ್ಮಂಥ ಸಣ್ಣ ಊರುಗಳಲ್ಲಿ ಮನಸ್ಸು ಬಂದಾಗ ಇಳಿಯುತ್ತಾರೆ.

ಮಧ್ಯಾಹ್ನ ಸೌದೆ ಒಟ್ಟುವಾಗ ಅಜ್ಜನಿಗೆ ಮೆಲ್ಲಗೆ ಹೇಳಿದೆ. “ಅಜ್ಜ, ಮುಂದಿನ ಗುರುವಾರ ಬರೀ ಅಂಚೆ. ಅದರಾಚೆ ಗುರುವಾರ ಫೆಲಿಸಾ ಬರ್ತಾಳೆ. ಆ ವಿಮಾನದಲ್ಲಿ.”

“ಬರಲಿ. ಎಲ್ಲರೂ ಅದರಲ್ಲೇ ಬಂದಿದ್ದು.”

“ಇವತ್ತು ಇಳಿದದ್ದು ನೋಡಿದ್ಯಲ್ಲ.”

“ನಾನು ನಾಯಿ ನೋಡ್ತಿದ್ದೆ.” ಅಜ್ಜ ಸೌದೆ ಎತ್ತಿಕೊಂಡ. “ಬಾಯಿ ಮುಚ್ಚು ಹುಡುಗಿ. ಮಗಳು ಬರೋ ಹೊತ್ತಲ್ಲಿ ಅಂಥ ಮಾತಾಡ್ತಾರಾ? ಕೊಂಬೆ ಇನ್ನೂ ಒತ್ತಾಗಿ ನೆಡೋಣ, ಬೇಕಾದ್ರೆ ನಾನೂ ಬರ್ತೀನಿ.”

ನನಗೆ ಸಾಕಾಗಿತ್ತು. ಕೊಂಬೆ ಕಡಿದು ಕಡಿದು ಸಾಕಾಗಿತ್ತು ಅನ್ನುವುದೂ ನಿಜ. ಆದರೆ ಆ ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಕೈನೋವಲ್ಲ, ದಢಾರ್ ಎಂಬ ಆ ಸದ್ದು. ಅದರೊಳಗೆ ನನ್ನ ಮಗಳನ್ನು ಕೂರಿಸಿ ನೋಡುತ್ತಿದ್ದೆ.

ಬೆಳಿಗ್ಗೆ ಆಸ್ಮುಂಡ್ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಡಬ್ಬಿಯ ಎಣ್ಣೆ ಕಲಕುತ್ತಿದ್ದ. ಅಜ್ಜ ಇನ್ನೂ ಎದ್ದಿರಲಿಲ್ಲ, ಅಥವಾ ಎದ್ದೂ ಮಲಗಿದ್ದ. ಆಸ್ಮುಂಡನ ಎಡಗಡೆ ಬಂದು ನಿಂತೆ, ನಾನು ಮಾತಾಡುವವರೆಗೂ ಅವನಿಗೆ ತಿಳಿಯಲಿಲ್ಲ.

“ಮಾಮ, ನಿನ್ನ ಎಡಗಣ್ಣಿಗೆ ಏನಾಗಿದೆ?”

ಕಲಕುವ ಕೈ ನಿಂತಿತು. “ಏನಾಗಿದೆ? ವಯಸ್ಸಾಗಿದೆ. ಬಲಗಣ್ಣಿಗೂ ಅಷ್ಟೇ ವಯಸ್ಸು, ಅದು ಗೊಣಗೋದಿಲ್ಲ.”

“ಡಾಕ್ಟರಿಗೆ ತೋರಿಸ್ತೀಯ ಪ್ರತಿ ವರ್ಷ?”

“ತೋರಿಸ್ದೆ ಬಿಡ್ತಾರಾ? ಗೋಡೆ ಮೇಲಿನ ಅಕ್ಷರ ಓದು ಅಂತಾನೆ. ಎಷ್ಟೋ ವರ್ಷದಿಂದ ಅದೇ ಹಾಳೆ. ಕಣ್ಣು ಮುಚ್ಕೊಂಡು ಓದ್ತೀನಿ.” ನಕ್ಕ. ನಾನು ನಗಲಿಲ್ಲ. ಅವನು ತಿರುಗಿ ನೋಡಿದ. “ಟಿಲ್ಡಾ, ಕಣ್ಣು ಕೆಟ್ಟಿದ್ರೆ ಇಳಿಯೋದು ಕಷ್ಟ ಆಗ್ಬೇಕಲ್ವಾ? ಈ ವರ್ಷ ನನಗೆ ಮೊದಲಿಗಿಂತ ಸುಲಭ ಆಗಿದೆ. ಆಣೆ ಮಾಡಿ ಹೇಳ್ತೀನಿ. ಎಲ್ಲಾ ಊರಲ್ಲೂ.”

ಆಗ ನನಗೆ ಅರ್ಥವಾಯಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣು ಎಷ್ಟು ಕೆಟ್ಟಿದೆಯೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾವು ಅವನನ್ನು ಕಾಯುತ್ತೇವೆ ಅಂದುಕೊಂಡು ಅವನ ಕಣ್ಣನ್ನು ಅವನಿಂದಲೇ ಮುಚ್ಚಿಟ್ಟಿದ್ದೆವು.

“ಸುಲಭ ಆಗಿದ್ದು ಯಾಕೆ ಗೊತ್ತಾ ಮಾಮ? ಕೊಂಬೆ ಎಷ್ಟು ಹತ್ತಿರ ಇದೆ ನೋಡಿದ್ಯಾ? ಮುಂಚೆ ಎರಡು ಕೊಂಬೆ ನಡುವೆ ನಾಯಿಬಂಡಿ ನುಗ್ತಿತ್ತು, ಈಗ ನಾಯಿ ನುಗ್ಗಲ್ಲ. ಬಿಸಿಲಿದ್ರೂ ನೆಡ್ತೀವಿ. ಕೆಳಗಿನೂರಲ್ಲಿ ದಂಡೆ ಬೋಳಾಗಿದೆಯಂತೆ. ಮೇಲಿನೂರಲ್ಲಿ ಹೇಗಿದೆ ನೀನೇ ಹೇಳು.”

ಎಣ್ಣೆ ಕುದಿಯಲು ಶುರುವಾಗಿ ಹೊಗೆ ಎದ್ದಿತು. ನಾನೇ ಡಬ್ಬಿ ಇಳಿಸಿದೆ. “ಎಲ್ಲರಿಗೂ ಗೊತ್ತಾ?” ಎಂದ ಅವನು.

“ಎಲ್ಲರಿಗೂ.”

“ಥೂ. ನದಿಗೆ ನದಿಯೇ ಸೇರ್ಕೊಂಡು...” ಎದ್ದು ಕೋಟು ಹಾಕಿಕೊಂಡ. ಗುಂಡಿ ಹಾಕಲು ಎರಡು ಸಲ ತಪ್ಪಿದ. ಮುಖ ಕೆಂಪಾಗಿತ್ತು. “ನಿಮ್ಮಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬಂದೋನು ನಾನು. ನೀನು ಬೆನ್ನ ಮೇಲೆ ಉಚ್ಚೆ ಹುಯ್ಕೊತಿದ್ದಾಗ ಈ ನದೀಲಿ ಯಾವ ಕೊಂಬೆ ಇತ್ತೇ?”

“ಯಾವ ಕೊಂಬೇನೂ ಇರ್ಲಿಲ್ಲ. ಅದಕ್ಕೇ ಹೇಳ್ತಿದ್ದೀನಿ. ಮುಂದಿನ ಗುರುವಾರ ನೆಡಲ್ಲ. ಬಿಸಿಲಿದ್ರೆ ಬಾ. ಒಬ್ಬನೇ ಬಾ, ಯಾರನ್ನೂ ಕೂರಿಸ್ಕೋಬೇಡ. ನೆಲ ಕಂಡ್ರೆ ಇಳಿ, ನನ್ನ ಮಗಳನ್ನ ನಿನ್ನ ಜೊತೇಲೇ ಕಳಿಸಿ ಅಂತ ಆಸ್ಪತ್ರೆಯವರಿಗೆ ರೇಡಿಯೋದಲ್ಲಿ ನಾನೇ ಹೇಳ್ತೀನಿ. ಕಾಣದೇ ಇದ್ರೆ ವಾಪಸ್ ಹೋಗು. ಪಟ್ಟಣದ ಮೈದಾನ ಅಗಲ, ಬೇಲಿ ಇದೆ, ಶೆಡ್ಡು ಇದೆ, ಅವನ್ನ ನೋಡ್ಕೊಂಡು ಇಳೀಬಹುದು. ಅಷ್ಟು ಪೆಟ್ರೋಲ್ ಇಟ್ಕೊಂಡೇ ಬಾ.”

“ನನಗೇ ಪರೀಕ್ಷೆ?”

“ಕಾಣದೇ ಇದ್ರೆ ಇಳಿಯಲ್ಲ ಅಂತ ಆಣೆ ಮಾಡು.”

“ಯಾರ ಮೇಲೆ ಮಾಡ್ಲಿ? ದೇವರ ಹತ್ರ ಮಾತು ಬಿಟ್ಟು ಕಾಲ ಆಯ್ತು.”

“ಈ ಡಬ್ಬಿ ಮೇಲೆ ಮಾಡು.”

ಅವನು ಬಿಸಿ ಡಬ್ಬಿಯ ಮೇಲೆ ಕೈಯಿಟ್ಟು, ಸುಟ್ಟು, ಬೈದು, ಆಣೆ ಮಾಡಿದ. ಅಂಚೆಚೀಲದ ಹಿಡಿಗೆ ಕೈ ಚಾಚಿದಾಗ ಮೊದಲು ಸಿಕ್ಕಿದ್ದು ಗಾಳಿ. ನಾನು ನೋಡಿದ್ದನ್ನು ಅವನು ನೋಡಿದ.

ವಿಷಯ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಸಿಲಾಸನ ಅಕ್ಕ ಬರ್ನೀಸ್ ಮೊದಲು ಬಂದಳು. ನೀರಿಗೆಂದು ಒಡೆದ ಮಂಜುಗಡ್ಡೆ ಹೊತ್ತುಕೊಂಡೇ ಬಾಗಿಲಲ್ಲಿ ನಿಂತಳು.

“ಬಾಯಿಬಿಟ್ಟು ಹೇಳಿಬಿಟ್ಯಂತೆ. ಅವನ ಮುಖದ ಮೇಲೆ.”

“ಹೇಳಿದೆ ಅತ್ತಿಗೆ.”

“ನಾಳೆ ಅವನಿಗೇನಾದ್ರೂ ಆದ್ರೆ?”

“ಹೇಳದೇ ಇದ್ದು ಏನಾದ್ರೂ ಆದ್ರೆ?”

“ಅದು ನಮ್ಮಿಂದ ಅಲ್ಲ,” ಎಂದಳು ಬರ್ನೀಸ್. ಅವಳ ಸೊಸೆಗೆ ತಿಂಗಳು ತುಂಬುತ್ತಿತ್ತು. ಹೆರಿಗೆ ಕಷ್ಟವಾದರೆ ಕರೆಯಲು ಅವನೊಬ್ಬನೇ. “ನಿನಗೆ ನಿನ್ನ ಮಗಳೊಬ್ಬಳೇ ಕಾಣೋದು. ಕಂಪನಿಯೋರು ಬಂದು ನಿನ್ನ ಮಗಳನ್ನ ಹೊತ್ಕೊಂಡು ಬರ್ತಾರೆ ಅಂದ್ಕೊಂಡ್ಯಾ? ನದಿ ಮೇಲಿನ ಮಂಜು ಒಡೆಯೋಕೆ ಇನ್ನೆಷ್ಟು ದಿನ ಇದೆ? ಒಡೆದ್ರೆ ಬೇಸಗೆವರೆಗೂ ಯಾವ ವಿಮಾನವೂ ಇಳಿಯಲ್ಲ. ಅಲ್ಲಿವರೆಗೂ ಅವಳು ಅಲ್ಲೇ.”

ಅದು ನನಗೆ ಗೊತ್ತಿಲ್ಲದ್ದೇನಲ್ಲ. ರಾತ್ರಿಯೆಲ್ಲ ಎಣಿಸಿದ್ದು ಅದನ್ನೇ. ಬೆನ್ನ ಮೇಲಿನ ಮಗು ಅಳುತ್ತಿತ್ತು, ಒಲೆಯ ಮೇಲೆ ನಾಯಿಗಳ ಮೀನು ತಳ ಹತ್ತುತ್ತಿತ್ತು.

ಆ ಬುಧವಾರ ನಾನು ಕೊಂಬೆ ಕಡಿಯಲು ಹೋಗಲಿಲ್ಲ. ಗುರುವಾರ ಬೆಳಕಾದಾಗ ನೀರಿಗೆಂದು ನದಿಗಿಳಿದರೆ ಕೊಂಬೆಗಳು ನಿಂತಿದ್ದವು. ಎರಡೂ ಸಾಲು, ಎಂದಿನಂತೆ, ಒತ್ತಾಗಿ. ಪಕ್ಕದಲ್ಲಿ ಬರ್ನೀಸಳ ಹೆಜ್ಜೆಗಳಿದ್ದವು, ಇನ್ನೊಂದು ಹೆಜ್ಜೆ ಎಡಗಾಲು ಎಳೆಯುವ ಅಜ್ಜನದು.

ಕೊಡ ಅಲ್ಲೇ ಇಟ್ಟು ಕೀಳಲು ಶುರು ಮಾಡಿದೆ. ಹಿಮ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಒಂದೊಂದನ್ನೂ ಕಾಲಿನಿಂದ ಒದ್ದು ಸಡಿಲಿಸಬೇಕಿತ್ತು. ಮಗು ಬೆನ್ನ ಮೇಲೆ ನಿದ್ದೆ ಮಾಡುತ್ತಿತ್ತು. ಅರ್ಧ ಸಾಲು ಮುಗಿಯುವಾಗ ಅಜ್ಜ ದಂಡೆಗೆ ಬಂದು ನಿಂತ. ಬೈಯುತ್ತಾನೆ ಅಂದುಕೊಂಡೆ.

“ಎಷ್ಟು ಕಷ್ಟಪಟ್ಟು ನೆಟ್ಟಿದ್ದೆ ಕಣೆ,” ಎಂದ.

“ಕೀಳೋದು ಇನ್ನೂ ಕಷ್ಟ ಅಜ್ಜ.”

ಆಮೇಲೆ ಇಳಿದು ಬಂದ. ಕೀಳಲಿಲ್ಲ. ಆದರೆ ನಾನು ಕಿತ್ತದ್ದನ್ನು ಎತ್ತಿ ಬಂಡಿಗೆ ಹಾಕಿದ.

ಸೂರ್ಯ ಮರಗಳ ಮೇಲೇರಿದಾಗ ನದಿ ಬರೀ ಬಿಳಿ. ಒಂದು ಗುರುತಿಲ್ಲ. ಆದರೆ ಗಾಳಿ ಬೀಸಿ ಮಾಡಿದ್ದ ಹಿಮದ ಅಲೆಗಳ ಮೇಲೆ ನೀಲಿ ನೆರಳು ಬಿದ್ದಿತ್ತು. ಎರಡು ಕಣ್ಣಿದ್ದವನಿಗೆ ಅಷ್ಟು ಸಾಕು. ಊರೆಲ್ಲ ದಂಡೆಗೆ ಬಂದಿತ್ತು. ಬರ್ನೀಸ್ ನನ್ನಿಂದ ದೂರ ನಿಂತಿದ್ದಳು.

ಸದ್ದು ಮೊದಲು ನಾಯಿಗಳಿಗೆ ಕೇಳಿಸಿತು. ಆಮೇಲೆ ನಮಗೆ. ವಿಮಾನ ತಿರುವಿನಿಂದ ಹೊರಬಿದ್ದು ತಗ್ಗಿನಲ್ಲಿ ನಮ್ಮ ಮುಂದೆಯೇ ಹಾದುಹೋಯಿತು. ತಿರುಗಿ ಬಂತು. ಈ ಸಲ ಇಳಿಯುವವನ ಹಾಗೆಯೇ ಬಂದ, ಮೂತಿ ಎತ್ತಿ, ನಿಧಾನಕ್ಕೆ. ನೆಲ ಇನ್ನೂ ಮನೆಯೆತ್ತರ ಕೆಳಗಿತ್ತು. ಅವನು ತಾಗಿತೆಂದುಕೊಂಡು ಇಂಜಿನ್ ಇಳಿಸಿದ. ವಿಮಾನ ಕುಸಿಯಿತು. ನನ್ನ ಬಾಯಿಂದ ಏನು ಬಂತೋ ತಿಳಿಯದು. ಮರುಕ್ಷಣ ಇಂಜಿನ್ ಕಿರುಚಿ, ಸ್ಕೀ ಹಲಗೆ ಹಿಮವನ್ನು ಒಮ್ಮೆ ಕೆರೆದು, ಮೇಲೆದ್ದು ಮರಗಳ ತುದಿ ದಾಟಿ ಹೋಯಿತು.

ಮತ್ತೆ ಸುತ್ತು. ಮೇಲೆ, ದೊಡ್ಡ ಸುತ್ತು.

“ಈಗ ಚೀಲ ಎಸೀತಾನೆ,” ಎಂದ ಅಜ್ಜ. “ಮೊದಲ ಸಲ ಮಾಡಿದ ಹಾಗೆ. ಚೀಲ ಎಸೆದು ಅದರ ಪಕ್ಕ ಇಳೀತಾನೆ. ನೋಡ್ತಿರಿ, ಇಳೀತಾನೆ!”

ನನಗೆ ಅದು ಹೊಳೆದೇ ಇರಲಿಲ್ಲ. ಅಂಚೆಚೀಲ ಕಪ್ಪು. ಬಿಳಿಯ ಮೇಲೆ ಬಿದ್ದರೆ ಕೊಂಬೆಗಿಂತ ಒಳ್ಳೆಯ ಗುರುತು. ಇಳಿದರೆ ಗೆದ್ದೆನೆನ್ನುತ್ತಾನೆ, ಮಾತಿಗೆ ಕಟ್ಟುಬಿದ್ದು ನಾನು ಮಗಳನ್ನು ಅವನ ಜೊತೆ ಕೂರಿಸಬೇಕು. ಬರ್ನೀಸ್ ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದಳು.

ವಿಮಾನ ನದಿಯ ನಡುವೆ ಬಂತು. ಕಿಟಕಿ ತೆರೆಯಿತು. ಚೀಲ ಬೀಳಲಿಲ್ಲ. ನದಿ ದಾಟಿ, ದಂಡೆ ದಾಟಿ, ರೆಕ್ಕೆ ಓರೆ ಮಾಡಿಕೊಂಡು ನಮ್ಮ ತಲೆಗಳ ಮೇಲೆಯೇ ಬಂತು. ಆಗ ಬಿತ್ತು. ನನ್ನ ಮನೆಯ ಹಿಂದೆ, ಸೌದೆಯ ರಾಶಿಯ ಪಕ್ಕ, ಧೊಪ್ಪೆಂದು. ಎಲ್ಲಿ ಬಿದ್ದರೆ ಯಾವ ವಿಮಾನಕ್ಕೂ ಉಪಯೋಗವಿಲ್ಲವೋ ಅಲ್ಲಿ.

ರೆಕ್ಕೆಗಳನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತೂಗಿ ಪಟ್ಟಣದ ದಾರಿ ಹಿಡಿದ. ಸದ್ದು ತೀರಾ ಸಣ್ಣದಾಗುವವರೆಗೂ ಯಾರೂ ಅಲುಗಲಿಲ್ಲ. ಆಮೇಲೆ ಅಜ್ಜ ಬಂಡಿಯ ಮೇಲೆ, ಕಿತ್ತ ಕೊಂಬೆಗಳ ಮೇಲೆ, ಕೂತುಬಿಟ್ಟ.

ಸುರಕ್ಷಿತವಾಗಿ ತಲುಪಿದ್ದಾನೆಂದು ಸಂಜೆ ರೇಡಿಯೋದಲ್ಲಿ ಬಂತು. ಬೇರೇನೂ ಬರಲಿಲ್ಲ.

ಅದರ ಮುಂದಿನ ಗುರುವಾರ ಯಾವ ವಿಮಾನವೂ ಬರಲಿಲ್ಲ. ಅದರಾಚೆಯದೂ ಖಾಲಿ. ಆಸ್ಮುಂಡ್ ಹಾರುವುದು ಬಿಟ್ಟನೆಂದೂ ಅಂಚೆ ಕಂಪನಿಗೆ ಹೋಯಿತೆಂದೂ ಆಮೇಲೆ ತಿಳಿಯಿತು. ಬರ್ನೀಸಳ ಸೊಸೆಗೆ ಹೆರಿಗೆ ಸುಸೂತ್ರವಾಯಿತು. ಅದಾಗದಿದ್ದರೆ ನಾನು ಈ ಊರಲ್ಲಿ ಹೇಗಿರುತ್ತಿದ್ದೆನೋ. ಸಿಲಾಸ್ ಕಾಡಿನಿಂದ ಬಂದ, ಎಲ್ಲ ಕೇಳಿದ, ಹೋಗಿ ಸೌದೆ ಸೀಳಿದ. ಬಿಸಿಲು ಏರಿತು. ದಂಡೆಯಂಚಿನ ಮಂಜಿನ ಮೇಲೆ ನೀರು ಕಾಣಿಸಿಕೊಂಡಿತು. ದಿನಾ ಬೆಳಿಗ್ಗೆ ಕೋಲಿನಿಂದ ನದಿಯನ್ನು ಕುಟ್ಟಿ ನೋಡುತ್ತಿದ್ದೆ. ಬರ್ನೀಸ್ ನೋಡಿಯೂ ನೋಡದ ಹಾಗೆ ಹಾದುಹೋಗುತ್ತಿದ್ದಳು.

ಮಂಜು ಇನ್ನೂ ಭಾರ ತಾಳುತ್ತಿದ್ದ ಕೊನೆಯ ದಿನಗಳಲ್ಲಿ ಒಂದು ಮೋಡದ ಮಧ್ಯಾಹ್ನ ಕಂಪನಿಯ ವಿಮಾನ ಬರುತ್ತದೆಂದು ಸುದ್ದಿ ಬಂತು. ನಾನು ಕೊಡಲಿ ತೆಗೆದುಕೊಂಡು ಹೊರಟೆ. ದಂಡೆಯಲ್ಲಿ ಬರ್ನೀಸ್ ಆಗಲೇ ಕಡಿಯುತ್ತಿದ್ದಳು. “ನೀನು ಬಂಡಿ ತಾ,” ಎಂದಳಷ್ಟೆ.

ಹೊಸ ಪೈಲಟ್ ಮೀಸೆ ಸರಿಯಾಗಿ ಮೂಡದ ಹುಡುಗ. ಎರಡು ಸಲ ಪುಟಿದು ಇಳಿದ. ವಿಮಾನದ ಬಾಗಿಲು ತೆರೆಯಿತು. ಮೊದಲು ಇಳಿದದ್ದು ಫೆಲಿಸಾ. ಎತ್ತರವಾಗಿದ್ದಳು, ಆಸ್ಪತ್ರೆಯವರು ಕೊಟ್ಟ ಕೋಟಿನ ತೋಳು ಮೊಣಕೈಗೆ ಬಂದಿತ್ತು. ನನ್ನನ್ನು ನೋಡಿದಳು, ಆದರೆ ಓಡಿ ಬರಲಿಲ್ಲ. ತಿರುಗಿ ಬಾಗಿಲ ಕಡೆ ಕೈ ಚಾಚಿದಳು.

“ಇನ್ನೂ ಒಂದು ಮೆಟ್ಟಿಲಿದೆ ತಾತ. ಹಾಂ, ಈಗ ನೆಲ.”

ಆಸ್ಮುಂಡ್ ಇಳಿದ. ಪಟ್ಟಣದಲ್ಲಿ ಈ ಹುಡುಗ ಸಣ್ಣ ಊರಿಗೆ ಹೋಗಲ್ಲವೆಂದು ಹಟ ಹಿಡಿದಾಗ, ದಾರಿ ತೋರಿಸಲು ತಾನೇ ಪಕ್ಕದಲ್ಲಿ ಕೂತು ಬರುತ್ತೇನೆಂದು ಹೊರಡಿಸಿದ್ದನಂತೆ. ಅದನ್ನು ಆಮೇಲೆ ಫೆಲಿಸಾ ಹೇಳಿದಳು. ಅವನು ಹೇಳಲಿಲ್ಲ.

ಅವನ ಕೈಯಲ್ಲಿ ಡಬ್ಬಿ ಇತ್ತು. ಹುಡುಗನ ವಿಮಾನದ ಎಣ್ಣೆಯನ್ನು ಆಗಲೇ ಬಸಿಯತೊಡಗಿದ್ದ.

“ಎಡಗಡೆ ಸಾಲು ಸೊಟ್ಟಗಿದೆ,” ಎಂದ ನನಗೆ, ತಲೆಯೆತ್ತದೆ.

“ಅದು ಬರ್ನೀಸ್ ನೆಟ್ಟಿದ್ದು. ಅವಳಿಗೇ ಹೇಳು.”

“ಬೇಡಪ್ಪ, ಸೊಟ್ಟಗೇ ಇರ್ಲಿ.” ಡಬ್ಬಿ ತುಂಬಿತು. ಮುಚ್ಚಳಕ್ಕಾಗಿ ಹಿಮದ ಮೇಲೆ ತಡವಿದ. ಫೆಲಿಸಾ ಅದನ್ನು ಅವನ ಅಂಗೈಗಿಟ್ಟು, ಆಮೇಲೆ ನನ್ನ ಕಡೆ ನಡೆದು ಬಂದು, ಮಗುವಿನ ಪಕ್ಕಕ್ಕೆ ನನ್ನ ಬೆನ್ನಿಗೆ ಮುಖ ಒತ್ತಿದಳು. ತಿರುಗದೆ ಹಾಗೆಯೇ ನಿಂತೆ.

“ಟೀ ಇದ್ಯಾ ಟಿಲ್ಡಾ?” ಎಂದ ಆಸ್ಮುಂಡ್.

“ಇದೆ. ಬಗ್ಗಿಸೋದು ನಾನು,” ಎಂದೆ.